ದಲ್ಲಾಳಿ ಮುರಗೆಪ್ಪನ ಬಲಗೆನ್ನೆ

ಮುರಗೆಪ್ಪ ಎಂಬ ಹೆಸರು ಶೇವಂತವ್ವನ ಕಿವಿಗೆ ಮೊದಲು ಬಿದ್ದದ್ದು ಬೈಗುಳದ ಜೊತೆಗೆ. ಅವಳು ಮದುವೆಯಾಗಿ ಗಲಗಲಿಗೆ ಬಂದ ಹೊಸತು. ಗಂಡ ನಿಂಗಣ್ಣ ಮುಧೋಳದ ದನದ ಸಂತೆಯಿಂದ ಒಂದು ಖಿಲಾರಿ ತಳಿಯ ಎತ್ತು ತಂದಿದ್ದ. ಕೊಂಬು ಮಿಂಚುತ್ತಿತ್ತು, ಮುಖ ತುಂಬಿಕೊಂಡಿತ್ತು, ಓಣಿಯವರೆಲ್ಲ ಬಂದು ಬೆನ್ನು ತಟ್ಟಿ ಹೋದರು. ವಾರ ಕಳೆಯುವುದರೊಳಗೆ ಎತ್ತು ಮುದಿಯಾಯಿತು. ಕಣ್ಣಿನ ಮೇಲೆ ಗುಂಡಿ ಬಿದ್ದವು, ಕೊಂಬಿನ ಎಣ್ಣೆ ಆರಿ ಕೆರೆದ ಗೀರುಗಳು ಎದ್ದವು, ನೇಗಿಲಿಗೆ ಹೂಡಿದರೆ ಎರಡು ಸುತ್ತಿಗೆ ನಾಲಗೆ ಹೊರಗೆ. ನಿಂಗಣ್ಣ ಅಂಗಳದಲ್ಲಿ ನಿಂತು, ಮಾರಿಸಿದ ದಲ್ಲಾಳಿಯ ಹೆಸರು ಹಿಡಿದು ಅವನ ಏಳು ತಲೆಮಾರನ್ನು ತೊಳೆದ. ಒಲೆಯ ಮುಂದಿದ್ದ ಶೇವಂತವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು. ಗಂಡನ ಬಾಯಲ್ಲಿ ಅಂಥ ಮಾತು ಕೇಳಿದ್ದು ಅವಳಿಗೆ ಅದೇ ಮೊದಲು.

ಮುಂದಿನ ಸಂತೆಗೆ ನಿಂಗಣ್ಣ ಕೋಲು ಹಿಡಿದು ಹೊರಡುವುದರಲ್ಲಿದ್ದಾಗ ಆ ದಲ್ಲಾಳಿಯೇ ಮನೆ ಹುಡುಕಿಕೊಂಡು ಬಂದ. ನಿಂಗಣ್ಣನ ವಯಸ್ಸಿನವನೇ. ಸಣಕಲ ಮೈ, ಹೆಗಲ ಮೇಲೆ ಟವೆಲ್ಲಿನಂಥ ವಲ್ಲಿ. ಎತ್ತನ್ನು ಸಿಂಗರಿಸಿದವನು ತನ್ನ ಸೋದರಮಾವ, ಅದರ ತಲೆ ಹಿಡಿದು ನಿಂತವನು ತಾನು ಎಂದು ನೇರ ಹೇಳಿದ. ಟೊಳ್ಳು ಗರಿಯನ್ನು ಕಣ್ಣಿನ ಮೇಲಿನ ಗುಂಡಿಗೆ ಚುಚ್ಚಿ ಗಾಳಿ ಊದಿದರೆ ಮುಖ ತುಂಬುತ್ತದಂತೆ. ಒಂದೆರಡು ದಿನ ನಿಂತರೆ ಸಾಕು, ಸಂತೆ ಮುಗಿದಿರುತ್ತದೆ. ಆ ಎತ್ತನ್ನು ವಾಪಸು ಹೊಡೆದುಕೊಂಡು ಹೋಗಿ, ಬೇರೊಂದನ್ನು ತಂದು ಗೂಟಕ್ಕೆ ಕಟ್ಟಿದ. ಆಮೇಲೆ ಮಾವನ ನೆರಳು ಬಿಟ್ಟು ತನ್ನದೇ ದಲ್ಲಾಳಿಕೆ ಹಿಡಿದ.

ಸಂತೆಯಲ್ಲಿ ಹಳೇ ಮಂದಿಯ ಒಂದು ಕಟ್ಟಳೆ ಇತ್ತು: ಬೆಲೆ ಕೈಯಲ್ಲಿ, ಐಬು ಬಾಯಲ್ಲಿ. ಬೆಲೆ ಆಡುವುದು ವಲ್ಲಿಯ ಕೆಳಗೆ, ಬೆರಳಿಗೆ ಬೆರಳು ಹಿಡಿದು, ಪಕ್ಕದವನಿಗೂ ತಿಳಿಯದಂತೆ. ಆದರೆ ದನಕ್ಕೆ ಏನಾದರೂ ದೋಷವಿದ್ದರೆ ದಲ್ಲಾಳಿಯಾದವನು ಅದರ ಡುಬ್ಬದ ಮೇಲೆ ಕೈಯಿಟ್ಟು ನಾಲ್ಕು ಜನಕ್ಕೆ ಕೇಳುವಂತೆ ಹೇಳಬೇಕು. ಕೇಳಿದಾಗ ಸುಮ್ಮನಿದ್ದರೆ, ಐಬಿಲ್ಲ ಎಂದು ಆಣೆ ಮಾಡಿದ ಹಾಗೆ. ಬರಬರುತ್ತ ಉಳಿದವರು ಈ ಕಟ್ಟಳೆಯ ಮೊದಲ ಅರ್ಧವನ್ನು ಮಾತ್ರ ಉಳಿಸಿಕೊಂಡರು. ಮುರಗೆಪ್ಪ ಪೂರ್ತಿ ಹಿಡಿದ. ಮಾರುವವರು ಅವನಿಗೆ ಹೆದರುತ್ತಿದ್ದರು, ಕೊಳ್ಳುವವರು ಅವನನ್ನೇ ಹುಡುಕುತ್ತಿದ್ದರು.

ಬೀಳಗಿ ಕಡೆಯ ದನಗಳನ್ನು ಮುಧೋಳಕ್ಕೆ ಹೊಡೆದುಕೊಂಡು ಹೋಗುವಾಗ ನಿಂಗಣ್ಣನ ಮನೆಯೇ ಅವನ ತಂಗುವ ಜಾಗವಾಯಿತು. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಇವತ್ತು ಜಮಖಂಡಿ, ನಾಳೆ ಬನಹಟ್ಟಿ, ನಾಡಿದ್ದು ತೇರದಾಳ. ಅವನು ಕುಳಿತು ಉಂಡದ್ದನ್ನು ಶೇವಂತವ್ವ ನೋಡಿದ್ದು ಕಡಿಮೆ. ಕೈಯಲ್ಲಿ ರೊಟ್ಟಿ ಹಿಡಿದು, ಅದರ ಮೇಲೆ ಪುಂಡಿಪಲ್ಯ ಹಾಕಿಸಿಕೊಂಡು, ಅಂಗಳದ ಈ ತುದಿಯಿಂದ ಆ ತುದಿಗೆ ಓಡಾಡುತ್ತ ಉಣ್ಣುತ್ತಿದ್ದ. ಅವಳನ್ನು ವೈನಿ ಎನ್ನುತ್ತಿದ್ದ. ಮೈದುನನಿಗೆ ಅಂದಂತೆ ಅವಳೂ ಅನ್ನುತ್ತಿದ್ದಳು: ನಿನ್ನ ಹೊಟ್ಟೆಗೆ ಹಾಕಿದ್ದು ನಿನ್ನ ಕಾಲಿಗೇ ಸಾಲುವುದಿಲ್ಲ, ಮೈಗೆ ಎಲ್ಲಿ ಹತ್ತಬೇಕು. ನಿಂಗಣ್ಣ ತೀರಿಕೊಂಡ ಮೇಲೂ ಅವನು ಬರುವುದು ನಿಲ್ಲಲಿಲ್ಲ. ಹೊಸ್ತಿಲ ಹೊರಗೇ ನಿಂತು, ದನಗಳಿಗೆ ನೀರು ಕುಡಿಸಿ, ಮಗನ ಹತ್ತಿರ ಎರಡು ಮಾತಾಡಿ ಹೋಗುತ್ತಿದ್ದ.

ಅವನ ಕಸುಬು ಮುಖದ ಮೇಲೆ ನಡೆಯುತ್ತಿತ್ತು. ಕೈಗಳು ವಲ್ಲಿಯ ಕೆಳಗೆ ಮುಚ್ಚಿರುವಾಗ ಮಾರುವವನೂ ಕೊಳ್ಳುವವನೂ ನೋಡುವುದು ದಲ್ಲಾಳಿಯ ಮುಖವನ್ನೇ. ಅಲ್ಲಿ ಒಂದು ಗೆರೆ ಅಲುಗಿದರೂ ಬೆಲೆ ಅಲುಗುತ್ತದೆ. ಅಂಥ ಮುಖಕ್ಕೆ ಲಕ್ವಾ ಹೊಡೆಯಿತು. ಒಂದು ಮುಂಜಾನೆ ಬಾಯಿ ಮುಕ್ಕಳಿಸಲು ಹೋದರೆ ನೀರು ಬಲಗಡೆಯಿಂದ ಸೋರಿತು. ಹೆಂಡತಿ ಮಹಾದೇವಿ ನೋಡಿ ಚೀರಿಕೊಂಡಳು. ಬಲಗೆನ್ನೆ ಜೋತುಬಿದ್ದಿತ್ತು, ಬಲಗಣ್ಣು ಮುಚ್ಚುತ್ತಿರಲಿಲ್ಲ, ತುಟಿಯ ಮೂಲೆ ಗದ್ದದ ಕಡೆ ಇಳಿದಿತ್ತು. ಇಂಜೆಕ್ಷನ್ನು, ಎಣ್ಣೆ, ಪಾರಿವಾಳದ ರಕ್ತ, ಯಾರು ಏನು ಹೇಳಿದರೂ ಮಾಡಿದರು. ಕೆಲವರಿಗೆ ಒಂದೆರಡು ತಿಂಗಳಲ್ಲಿ ತಿರುಗಿ ಬರುತ್ತದಂತೆ. ಅವನಿಗೆ ಬರಲಿಲ್ಲ.

ಆದರೂ ಸಂತೆಗೆ ಹೋದ. ಎಡಗಡೆ ನಿಂತವನಿಗೆ ದಲ್ಲಾಳಿ ನಗುತ್ತಿದ್ದ ಹಾಗೆ, ಬಲಗಡೆ ನಿಂತವನಿಗೆ ಅಳುತ್ತಿದ್ದ ಹಾಗೆ. ಕಣ್ಣಿಂದ ನೀರು ಬೇರೆ. ತನಗೆ ನಷ್ಟವಾಗುತ್ತಿದೆ ಎಂದೇ ದಲ್ಲಾಳಿ ಅಳುತ್ತಿದ್ದಾನೆ ಎಂದು ಮಾರಲು ಬಂದವನೊಬ್ಬ ತನ್ನ ಎತ್ತು ಬಿಚ್ಚಿಕೊಂಡು ಹೋದ. ಮೆಲ್ಲಗೆ ಜನ ಕರೆಯುವುದು ಬಿಟ್ಟರು. ಬೇವಿನ ಗಿಡದ ಕೆಳಗೆ ವಲ್ಲಿ ಹೊದ್ದು, ಬೇರೆಯವರ ವ್ಯಾಪಾರ ನೋಡುತ್ತ ನಿಲ್ಲುವುದಾಯಿತು ಅವನ ಪಾಡು. ಅವನಿಗೆ ಬೇಕಾಗಿದ್ದದ್ದು ಒಂದೇ: ಮತ್ತೆ ಇಬ್ಬರ ನಡುವೆ ನಿಲ್ಲುವುದು.

ಮಿರಜಿಯಲ್ಲಿ ಇಂಥದಕ್ಕೆ ಒಬ್ಬ ಡಾಕ್ಟರಮ್ಮ ಇದ್ದಾರೆಂದು ಯಾರೋ ಹೇಳಿದರು. ತೇರದಾಳದ ಜೈನರ ಮನೆಯ ಮಗಳು, ಕ್ಷಮಾ ಎಂದು ಹೆಸರು. ಅವರ ಹತ್ತಿರ ಬರುವವರಲ್ಲಿ ಹೆಚ್ಚಿನವರು ಹಣವಂತರು. ಇಳಿದ ಕೆನ್ನೆ ಎತ್ತಿಸಿಕೊಂಡು ಹತ್ತು ವರ್ಷ ಹಿಂದಕ್ಕೆ ಹೋಗಬೇಕೆನ್ನುವವರು. ಮುರಗೆಪ್ಪ ಆ ಸಾಲಿನಲ್ಲಿ ವಲ್ಲಿ ಹೊದ್ದು ಕುಳಿತ. ವಾಪಸು ಬರುವಾಗ ಮುಧೋಳದ ಬಸ್ಸು ಬಿಟ್ಟು ನೇರ ಗಲಗಲಿಗೆ ಬಂದ, ಹೇಳದಿದ್ದರೆ ಹೊಟ್ಟೆ ಒಡೆದು ಹೋಗುವವನಂತೆ.

ಶೇವಂತವ್ವ ಪಡಸಾಲೆಯಲ್ಲಿ ಹಳೇ ಸೀರೆಗಳನ್ನು ಹರವಿ ಕೌದಿ ಹೊಲಿಯುತ್ತಿದ್ದಳು. ಅವನು ಕೌದಿಯ ಸುತ್ತ ತಿರುಗುತ್ತಲೇ ಹೇಳಿದ. ಕೆನ್ನೆ ಎಂದರೆ ಒಂದೇ ಮುದ್ದೆ ಅಲ್ಲವಂತೆ. ಮೇಲೆ ಚರ್ಮ, ಅದರ ಕೆಳಗೆ ಕೊಬ್ಬು, ಅದೂ ಒಂದೇ ಗಂಟಲ್ಲ, ನಡುವೆ ತೆಳ್ಳನೆಯ ಗೋಡೆಗಳಿರುವ ಸಣ್ಣ ಸಣ್ಣ ಗಂಟುಗಳು. ಅದರ ಕೆಳಗೆ ನಗುವ, ಅಳುವ ಸ್ನಾಯುಗಳು. ಎಲ್ಲಕ್ಕೂ ಕೆಳಗೆ ಎಲುಬು. ಎಲುಬಿನಿಂದ ಚರ್ಮದವರೆಗೆ ಗಟ್ಟಿ ನಾರುಗಳು ಎದ್ದು ಬಂದಿರುತ್ತವೆ, ಎಲ್ಲವನ್ನೂ ಜಾಗದಲ್ಲಿ ಹಿಡಿದಿರುವುದು ಅವೇ. ವಯಸ್ಸಾದಂತೆ ನಾರು ಸಡಿಲಾಗುತ್ತವೆ, ಕಣ್ಣಿನ ಕೆಳಗಿನ ಎಲುಬೂ ಸವೆದು ಹಿಂದೆ ಸರಿಯುತ್ತದೆ, ಮೇಲಿನ ಕೊಬ್ಬು ಬತ್ತುತ್ತದೆ, ಕೆಳಗಿನದು ಜಾರುತ್ತದೆ. ಕಣ್ಣಿನ ಕೆಳಗೆ ಹೊಂಡ, ಮೂಗಿನ ಪಕ್ಕಕ್ಕೆ ಮಡಿಕೆ. ಅವನಿಗೆ ಮಾತ್ರ ಇದು ವಯಸ್ಸಿನ ಕೆಲಸವಲ್ಲ. ಸ್ನಾಯುವಿಗೆ ಸುದ್ದಿ ಒಯ್ಯುವ ನರವೇ ಸತ್ತು ಒಂದೇ ಮಗ್ಗುಲು ಜಾರಿದೆ.

“ಗಾಡ್ಯಾಗಿನ ಹೇರು ಕಮ್ಮಿ ಆಗಿಲ್ರಿ ವೈನಿ,” ಎಂದ ಮುರಗೆಪ್ಪ. “ಹಗ್ಗ ಸಡ್ಲಾಗಿ ಹೇರು ಜಾರೇತಿ, ಅಷ್ಟ. ಎತ್ತಿ ಕಟ್ತಾರಂತ.”

ಶೇವಂತವ್ವನಿಗೆ ಗಾಡಿಗಿಂತ ಕೈಯಲ್ಲಿದ್ದ ಕೌದಿಯೇ ಹತ್ತಿರವಾಯಿತು. ಮೇಲಿನ ಸೀರೆಯಿಂದ ಕೆಳಗಿನ ಸೀರೆಗೆ ಹೊಲಿಗೆ ಇಳಿಯದಿದ್ದರೆ ಒಳಗಿನ ಹರಕು ಬಟ್ಟೆಯೆಲ್ಲ ಒಂದು ಮೂಲೆಗೆ ಜಮೆಯಾಗುತ್ತದೆ. ಮೇಲಿನ ಬಟ್ಟೆಯನ್ನು ಎಷ್ಟು ಎಳೆದರೂ ಸರಿಹೋಗುವುದಿಲ್ಲ, ಒಳಗೇ ಕೈಹಾಕಬೇಕು. ಸೂಜಿ ಹಿಡಿದ ಕೈಯಿಂದಲೇ ಅವಳು ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಅದೂ ಜಾರಿ ಎಷ್ಟೋ ವರ್ಷವಾಗಿತ್ತು.

ಬಲಗಡೆ ಎತ್ತಿದರೆ ಎಡಗಡೆ ಮುದಿಯಾಗಿ ಕಾಣುತ್ತದೆ, ಎರಡನ್ನೂ ಎತ್ತಿಬಿಡಲೇ ಎಂದು ಡಾಕ್ಟರಮ್ಮ ಕೇಳಿದ್ದರಂತೆ. ಎಡಗಡೆಯದು ಅದರ ವಯಸ್ಸಿಗೆ ತಕ್ಕಂತೆ ಇದೆ, ಅದರ ತಂಟೆಗೆ ಹೋಗಬೇಡಿ ಎಂದು ಇವನು ಬೇಡಿಕೊಂಡನಂತೆ. “ಎಳೇ ಕರಾ ಮಾಡಿ ಬಿಟ್ಟಾರಂದ್ರ ಮಹಾದೇವಿ ಗುರುತ ಹಿಡಿಯೂದಿಲ್ಲ,” ಎಂದು ನಕ್ಕ. ಅರ್ಧ ಮುಖದ ನಗು ನೋಡಿ ಶೇವಂತವ್ವನಿಗೆ ನಗು ಬರಲಿಲ್ಲ.

ದೀಪಾವಳಿ ಮುಗಿಸಿಕೊಂಡು ಆಪರೇಷನ್ ಆಯಿತು. ತೊಡೆಯೊಳಗಿನ ಬಿಳಿ ನಾರಿನ ಪದರಿನಿಂದ ಒಂದು ಪಟ್ಟಿ ತೆಗೆದು, ಕೆನ್ನೆಯೊಳಗೆ ತೂರಿಸಿ, ತುಟಿಯ ಮೂಲೆಯನ್ನೂ ಮೂಗಿನ ಪಕ್ಕದ ಮಡಿಕೆಯನ್ನೂ ಎತ್ತಿ ಕಣತಲೆಗೆ ಕಟ್ಟಿದರು. ಜಾರಿದ ಕೊಬ್ಬನ್ನು ಕಣ್ಣಿನ ಕೆಳಗಿನ ಎಲುಬಿಗೆ ಹೊಲಿದರು. ಕಳಿಸುವಾಗ ಡಾಕ್ಟರಮ್ಮ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದರು: ಕಟ್ಟಿದ್ದು ಒಳಗೆ ಹತ್ತಿಕೊಳ್ಳುವತನಕ ಅಗಿಯಬಾರದು, ನಗಬಾರದು, ಮಾತಾಡಬಾರದು.

ಮುಧೋಳದ ಮನೆಯಲ್ಲಿ ಅದು ಆಗದ ಮಾತು. ಸಂತೆಯ ಮಂದಿಯೆಲ್ಲ ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಬರುವವರೇ. ಬಂದವರ ಎದುರು ಸುಮ್ಮನೆ ಕುಳಿತರೆ ಸೊಕ್ಕು ಎನ್ನುತ್ತಾರೆ. ಅದಕ್ಕೆ ಮಹಾದೇವಿಯೇ ಅವನನ್ನು ಗಲಗಲಿಗೆ ತಂದು ಬಿಟ್ಟಳು. ಅಕ್ಕಾ, ಇಲ್ಲಿ ಇವರನ್ನು ಕೇಳುವವರು ಯಾರೂ ಇಲ್ಲ, ಬಾಯಿಗೆ ಬೀಗ ಹಾಕಿ ಕೀಲಿ ನಿಮ್ಮ ಸೊಂಟಕ್ಕೆ ಸಿಗಿಸಿಕೊಳ್ಳಿ ಎಂದು ಹೇಳಿ ಹೋದಳು.

ಬೀಗ ಹಾಕಿದ್ದೇನೋ ಬಾಯಿಗೆ. ಕಾಲಿಗೆ ಯಾರು ಹಾಕಬೇಕು? ಬಾಲ ಸುಟ್ಟ ಬೆಕ್ಕಿನ ಹಾಗೆ ಅವನು ಮನೆ ತುಂಬ ತಿರುಗಿದ. ಪಟ್ಟಿ ಸುತ್ತಿದ ಮುಖ ಹೊತ್ತುಕೊಂಡು ಹಿತ್ತಲಿಗೆ ಹೋದ, ಕೊಟ್ಟಿಗೆಗೆ ಹೋದ, ಹೊಳೆಯ ಕಡೆ ಮುಖ ಮಾಡಿ ನಿಂತ, ಬಸ್ಸಿನ ಹಾರ್ನ್ ಕೇಳಿದರೆ ಬಾಗಿಲಿಗೆ ಓಡಿದ. ಶೇವಂತವ್ವ ಕೊಟ್ಟ ಗಂಜಿಯನ್ನು ನಿಂತೇ ಕುಡಿದ. ಸಂತೆಯ ದಿನವಂತೂ ಅವನ ಬೆರಳುಗಳು ವಲ್ಲಿಯೊಳಗೆ ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು, ಯಾರ ಕೈಯೂ ಇಲ್ಲದೆ. ಮಾತಿನ ಮಲ್ಲ ಮಾತಿಲ್ಲದೆ ಮನೆಯಲ್ಲಿದ್ದರೆ ಗಾಳಿಯೇ ನಿಂತ ಹಾಗೆ. ನೋವಾಗುತ್ತಿದೆಯೇ ಎಂದು ಕೇಳಿದರೆ ಕೈ ಅಲ್ಲಾಡಿಸುತ್ತಿದ್ದ. ಎಲ್ಲಿ ಮರೆತು ಬಾಯಿ ಬಿಡುತ್ತಾನೋ ಎಂದು ಅವಳಿಗೂ ಕೂತಲ್ಲಿ ಕೂರಲಾಗಲಿಲ್ಲ, ಕೌದಿಯ ಹೊಲಿಗೆ ಸೊಟ್ಟಗಾಯಿತು.

ಆ ದಿನಗಳಲ್ಲಿ ಅವಳ ಮಗ ಮನೆಯ ಎತ್ತುಗಳನ್ನು ಮಾರಬೇಕೆಂದಿದ್ದ. ಸರ್ಜಾ ಮತ್ತು ಬಿಳ್ಯಾ, ಒಳ್ಳೇ ಜೋಡಿ. ಉಳುಮೆಗೆ ಟ್ರ್ಯಾಕ್ಟರ್ ಬರುತ್ತಿತ್ತು, ಮಗನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಮೇವು ಹಾಕಲು ಕೈಯಿರಲಿಲ್ಲ. ಮುರಗೆಪ್ಪ ಬೇಸರಕ್ಕೆ ದಿನಾ ಆ ಎತ್ತುಗಳ ಹತ್ತಿರ ಹೋಗಿ ನಿಲ್ಲುತ್ತಿದ್ದ. ಬಿಳ್ಯಾನ ಮುಖದ ಪಕ್ಕ ವಲ್ಲಿ ಆಡಿಸುತ್ತಿದ್ದ. ಆಟವಾಡುತ್ತಾನೆ, ಆಡಲಿ, ಎಂದುಕೊಂಡಳು ಶೇವಂತವ್ವ.

ಮಗ ಪಾಳಿಗೆ ಹೋಗಿದ್ದ ಒಂದು ದಿನ ಹುನ್ನೂರಿನ ಅಮೋಲ ಬಂದ. ಎಳೇ ವಯಸ್ಸು, ಜೊತೆಗೆ ಹೊಸ ಹೆಂಡತಿ. ಕಾರ್ಖಾನೆಗೆ ಗಾಡಿಯಲ್ಲಿ ಕಬ್ಬು ಹೇರುವ ಕರಾರು ಮಾಡಿಕೊಂಡಿದ್ದ, ತನ್ನ ಎತ್ತುಗಳು ಕೈಕೊಟ್ಟಿದ್ದವು. ಖಾಲಿ ಟೈರುಗಾಡಿಯನ್ನು ಗೆಳೆಯನ ಟ್ರ್ಯಾಕ್ಟರಿಗೆ ಕಟ್ಟಿಕೊಂಡೇ ಬಂದಿದ್ದ. ಜೋಡಿ ಕುದುರಿದರೆ ಇಲ್ಲೇ ಹೂಡಿಕೊಂಡು ನೇರ ಕಬ್ಬಿನ ಗದ್ದೆಗೆ. ಹಲ್ಲು ನೋಡಿದ, ಗೊರಸು ನೋಡಿದ, ನಡೆಸಿ ನೋಡಿದ. ಬೆಲೆ ಏನು ಎಂದ. ಶೇವಂತವ್ವ ತಡವರಿಸುವಷ್ಟರಲ್ಲಿ ಪಟ್ಟಿ ಸುತ್ತಿದ ಮುರಗೆಪ್ಪ ನಡುವೆ ಬಂದು ನಿಂತು ವಲ್ಲಿ ಚಾಚಿದ. ಅಮೋಲ ಒಂದು ಗಳಿಗೆ ಬೆರಗಾಗಿ ಕೈ ಒಳಗಿಟ್ಟ.

ಶೇವಂತವ್ವ ಅಂಥದ್ದನ್ನು ಹತ್ತಿರದಿಂದ ನೋಡಿರಲಿಲ್ಲ. ಮುಖವಿಲ್ಲ, ಮಾತಿಲ್ಲ, ಬಟ್ಟೆಯ ಕೆಳಗೆ ಬೆರಳುಗಳು ಮಾತ್ರ. ಅವಳ ಕೈಯನ್ನೂ ವಲ್ಲಿಯ ಕೆಳಗೆ ತೆಗೆದುಕೊಂಡು, ಇಷ್ಟಕ್ಕೆ ಒಪ್ಪಿಗೆಯೇ ಎಂದು ಬೆರಳು ಎಣಿಸಿ ಒತ್ತಿ ಕೇಳಿದ. ಬೆಲೆ ಮಗ ಹೇಳಿದ್ದಕ್ಕಿಂತ ಮೇಲೇ ಇತ್ತು. ತಲೆಯಾಡಿಸಿದಳು. ಎಷ್ಟೋ ದಿನದ ಮೇಲೆ ಮುರಗೆಪ್ಪನ ಎಡಗಣ್ಣು ಅರಳಿತ್ತು.

ಆಮೇಲೆ ಅಮೋಲ ರೂಢಿಯಂತೆ ಕೇಳಿದ: “ಕಾಕಾ, ಐಬು ಏನಾರ ಐತೇನ್ರಿ?”

ಮುರಗೆಪ್ಪನ ಕೈ ಬಿಳ್ಯಾನ ಡುಬ್ಬದ ಮೇಲೆ ಹೋಯಿತು. ಅಲ್ಲೇ ನಿಂತಿತು. ಡಾಕ್ಟರು ಬಾಯಿ ಬಿಡಬಾರದೆಂದಿದ್ದಾರೆ, ಅವನನ್ನು ಕೇಳಬೇಡ ಎಂದು ಶೇವಂತವ್ವ ನಡುವೆ ಬಿದ್ದು ಹೇಳಿದಳು. ಹಾಗಾದರೆ ಬಿಡಿ, ದಲ್ಲಾಳಿ ಸುಮ್ಮನಿದ್ದರೆ ಐಬಿಲ್ಲ ಎಂದೇ ಲೆಕ್ಕ ಎಂದು ಅಮೋಲ ನಕ್ಕು, ಹಗ್ಗ ಬಿಚ್ಚಿಕೊಂಡು ಗಾಡಿಯ ಹತ್ತಿರ ಹೊಡೆದುಕೊಂಡು ಹೋದ. ಸರ್ಜಾನನ್ನು ಎಡಕ್ಕೆ ನಿಲ್ಲಿಸಿದ, ಬಿಳ್ಯಾನನ್ನು ಬಲಕ್ಕೆ. ಹೆಂಡತಿ ಗಂಟು ಮೇಲಕ್ಕೆಸೆದು ಗಾಡಿಯ ಮುಂದಿನ ಮೂಕಿಮರದ ಮೇಲೆ ಹತ್ತಿ ಕುಳಿತಳು. ಗೆಳೆಯ ಟ್ರ್ಯಾಕ್ಟರ್ ಚಾಲೂ ಮಾಡಿದ್ದ, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ.

ಶೇವಂತವ್ವನ ಕಣ್ಣು ಮುರಗೆಪ್ಪನ ಮೇಲಿತ್ತು. ಅವನು ಒಂದು ಹೆಜ್ಜೆ ಮುಂದೆ ಇಟ್ಟ, ಹಿಂದೆ ಇಟ್ಟ, ಕೈಯಿಂದ ಪಟ್ಟಿಯನ್ನು ಒತ್ತಿ ಹಿಡಿದ. ಬೇಡ, ಬೇಡ ಎಂದು ಅವಳು ಅವನ ವಲ್ಲಿಯ ತುದಿ ಹಿಡಿದಳು. ಏನು ಎಂದು ಅವಳಿಗೆ ಗೊತ್ತಿರಲಿಲ್ಲ, ಬಾಯಿ ಬಿಡುತ್ತಾನೆ ಎಂದಷ್ಟೇ ಗೊತ್ತಾಗಿತ್ತು. ವಲ್ಲಿ ಅವಳ ಕೈಯಲ್ಲುಳಿಯಿತು.

“ಬಿಳ್ಯಾಗ ಬಲಗಣ್ಣು ಕಾಣೂದಿಲ್ಲೋ ತಮ್ಮಾ!” ಓಣಿಗೆ ಓಣಿಯೇ ಕೇಳುವಂತೆ ಕೂಗಿದ. “ಬಲಕ್ಕ ಹೂಡಿ ರಸ್ತೇಕ ಹೋಗಬ್ಯಾಡ.”

ಟ್ರ್ಯಾಕ್ಟರ್ ನಿಂತಿತು. ಅಮೋಲ ಎತ್ತಿನ ಬಲಗಣ್ಣಿನ ಹತ್ತಿರ ಕೈ ಬೀಸಿದ, ಮತ್ತೆ ಬೀಸಿದ. ರೆಪ್ಪೆ ಬಡಿಯಲಿಲ್ಲ. ಕಾರ್ಖಾನೆಯ ರಸ್ತೆಯಲ್ಲಿ ಲಾರಿಗಳು ದಾಟುವುದು ಬಲಗಡೆಯಿಂದಲೇ. ಕಾಣದ ಎತ್ತು ಬೆಚ್ಚಿ ಒಂದು ಸಲ ಹೊರಳಿದರೆ ಸಾಕು, ಕಬ್ಬಿನ ಮೇಲೆ ಕುಳಿತವರ ಗತಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅಮೋಲನ ಹೆಂಡತಿ ಕೆಳಗಿಳಿದು ಶೇವಂತವ್ವನ ಹತ್ತಿರ ಕುಡಿಯಲು ನೀರು ಕೇಳಿದಳು. ಅಮೋಲನಿಗೆ ದಿನ ಹಾಳಾದ ಸಿಟ್ಟು. ಆಯಿತು ಬಿಡಿ ಎಂದು ಎತ್ತುಗಳನ್ನು ಗೂಟಕ್ಕೆ ತಂದು ಕಟ್ಟಿ, ತಿರುಗಿ ನೋಡದೆ ಹೋದ.

ಮುರಗೆಪ್ಪ ಕಟ್ಟೆಗೆ ಒರಗಿ ನಿಂತಿದ್ದ. ಪಟ್ಟಿಯ ಅಂಚು ಕೆಂಪಾಗಿತ್ತು. ಶೇವಂತವ್ವನಿಗೆ ವ್ಯಾಪಾರ ಮುರಿದ ಸಂಕಟಕ್ಕಿಂತ ಅದು ಹೆಚ್ಚಾಯಿತು. ಕೂಗಬೇಕಾಗಿತ್ತೇ? ಕೈ ಮಾಡಿ ತೋರಿಸಿದ್ದರೆ ಅವನಿಗೆ ತಿಳಿಯುತ್ತಿರಲಿಲ್ಲವೇ? ನನಗಾದರೂ ಮೊದಲೇ ತೋರಿಸಬಾರದಿತ್ತೇ? ಒಂದರ ಮೇಲೊಂದು ಕೇಳಿದಳು. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ ಎಂಬಂತೆ ಅವನು ತುಟಿಯ ಒಂದೇ ಮೂಲೆಯಿಂದ ಹೇಳಿದ: “ಕೈಲೆ ತೋರಿಸಿದ್ದನ್ನ ನಾಳೆ ನಾನ ತೋರಿಸೇ ಇಲ್ಲ ಅನಬಹುದ್ರಿ ವೈನಿ. ಬಾಯಿಲೆ ಅಂದದ್ದನ್ನ ನುಂಗಾಕ ಬರೂದಿಲ್ಲ.”

ಮಿರಜಿಯಲ್ಲಿ ಡಾಕ್ಟರಮ್ಮ ಪಟ್ಟಿ ಬಿಚ್ಚಿ ನೋಡಿ, ಬೈದರು. ಕಣ್ಣಿನ ಕೆಳಗಿನ ಹೊಲಿಗೆ ಉಳಿದಿತ್ತು. ರೆಪ್ಪೆ ಈಗ ಮುಚ್ಚುತ್ತಿತ್ತು, ನೀರು ಸೋರುವುದು ಕಡಿಮೆಯಾಗಿತ್ತು. ಮೂಗಿನ ಪಕ್ಕದ್ದು ಮತ್ತು ತುಟಿಯ ಮೂಲೆಯದು ಹರಿದು ಇಳಿದಿತ್ತು. ಒಳಗಿನ ಗಾಯ ಪೂರ್ತಿ ಮಾಗದೆ ಮತ್ತೆ ಕೈಹಾಕುವ ಹಾಗಿಲ್ಲ, ಬೇಸಿಗೆ ದಾಟಿ ಮಳೆಗಾಲ ಕಳೆಯಲಿ ಎಂದರು.

ಅಂಥ ಮುಖ ಹೊತ್ತುಕೊಂಡೇ ಅವನು ಸಂತೆಗೆ ಹೋದ. ಅರ್ಧ ದುರಸ್ತಿ ಮಾಡಿ ಬಿಟ್ಟಾರೇನೋ ಮುರಗ್ಯಾ, ಉಳಿದದ್ದಕ್ಕೆ ಸಾಮಾನು ಮುಗೀತೇನು ಎಂದು ಓರಗೆಯವರು ಕೆಣಕಿದರು. ಅಮೋಲನ ಬಾಯಿಂದ ಸುದ್ದಿ ಕಾರ್ಖಾನೆಯ ಗಾಡಿಗಳ ಸಾಲಿಗೆ ಹಬ್ಬಿ, ಕೊಳ್ಳುವ ಒಂದಿಬ್ಬರು ಹುಡುಕಿಕೊಂಡು ಬಂದದ್ದು ಹೌದು. ಆದರೆ ಮಾರುವವರು ಮೊದಲಿಗಿಂತ ದೂರ ಸರಿದರು; ಮುಖ ಹರಿದುಕೊಂಡಾದರೂ ಐಬು ಹೇಳುವವನ ಕೈಗೆ ಯಾರು ಹಗ್ಗ ಕೊಡುತ್ತಾರೆ? ದಲ್ಲಾಳಿಗೆ ಎರಡೂ ಕಡೆಯವರು ಬೇಕು. ಗಲಗಲಿಗೆ ಬಂದಾಗ ಅವನು ಇದನ್ನೆಲ್ಲ ಹೇಳುತ್ತ ಅಂಗಳವನ್ನು ಅಳೆಯುತ್ತಿದ್ದ, ಮಾತು ಮುಗಿಯುವ ಮುಂಚೆಯೇ ಬಸ್ಸಿಗೆ ಹೊರಡುತ್ತಿದ್ದ. ಬಿಳ್ಯಾನನ್ನೂ ಸರ್ಜಾನನ್ನೂ ಕಡೆಗೆ ಹೊಲದ ಕೆಲಸಕ್ಕೆಂದು ಊರವರೇ ಒಬ್ಬರು, ಕಣ್ಣಿನ ವಿಷಯ ತಿಳಿದೇ ತೆಗೆದುಕೊಂಡರು. ಮಗ ಎಷ್ಟೋ ದಿನ ಗೊಣಗಿದ.

ಮರುವರ್ಷ ಕಬ್ಬಿನ ಹಂಗಾಮು ಶುರುವಾಗುವ ಮೊದಲೇ, ಮುಧೋಳದ ಬಸ್ ನಿಲ್ದಾಣದಲ್ಲಿ ಎದೆ ಹಿಡಿದು ಕುಳಿತ ಮುರಗೆಪ್ಪ ಮತ್ತೆ ಏಳಲಿಲ್ಲ. ಕೈಯಲ್ಲಿ ಮಿರಜಿಗೆ ಹೋಗಲು ಕಟ್ಟಿದ ಚೀಲವಿತ್ತಂತೆ. ಅದಕ್ಕೂ ಸ್ವಲ್ಪ ದಿನ ಮುಂಚೆ ಅವನು ಗಲಗಲಿಗೆ ಬಂದಿದ್ದ. ಹೊಳೆ ತುಂಬಿತ್ತು, ಮೋಡ ಮುಸುಕಿತ್ತು. ಎಂದೂ ಇಲ್ಲದೆ ಅವತ್ತು ಕುಳಿತುಕೊಂಡ.

ಇನ್ನೊಮ್ಮೆ ಕಟ್ಟಿಸಿಕೊಳ್ಳುತ್ತೇನೆ ಎಂದ. ಈ ಸಲ ಬಾಯಿ ಮುಚ್ಚಿಕೊಂಡಿರಬೇಕಾದದ್ದು ಇನ್ನೂ ಹೆಚ್ಚು ದಿನ. ಹಾಗೆಂದು ಅಷ್ಟು ದಿನ ಸಂತೆ ಬಿಟ್ಟರೆ ಹೊಸ ದಲ್ಲಾಳಿಗಳು, ಮೊಬೈಲಿನಲ್ಲಿ ಎತ್ತಿನ ಫೋಟೋ ತೋರಿಸಿ ಮಾರುವವರು, ತಾನು ನಿಲ್ಲುವ ಜಾಗವನ್ನೂ ಉಳಿಸುವುದಿಲ್ಲ. ಬಾಯಿಲ್ಲದೆಯೂ ಸಂತೆಯಲ್ಲಿ ನಿಲ್ಲಬೇಕು. ಹೇಳುತ್ತ ಹೇಳುತ್ತ ಅವಳ ಮುಖವನ್ನೇ ನೋಡಿದ. ತನ್ನೊಡನೆ ಸಂತೆಗೆ ಬರಬೇಕು ಎಂದ.

ಕೌದಿ ಹೊಲಿಯುತ್ತಿದ್ದ ಶೇವಂತವ್ವನ ಬೆರಳಿಗೆ ಸೂಜಿ ಚುಚ್ಚಿತು. ದನದ ಸಂತೆಯಲ್ಲಿ ಹೆಂಗಸರು ನಿಲ್ಲುವುದೇ ಇಲ್ಲ. ಅದರಲ್ಲೂ ತಾನು. ಕುಂಕುಮ ಅಳಿದವಳು ಎದುರಿಗೆ ಬಂದರೆ ಹೂಡಿದ ಗಾಡಿಯನ್ನೂ ಬಿಚ್ಚುವ ಮಂದಿ.

“ಗಂಡ ಇಲ್ಲದಾಕಿ ಬಾಜೂಕ ನಿಂತರ ಯಾವ ವ್ಯಾಪಾರ ಕೂಡತೈತೋ ಮುರಗೆಪ್ಪ?” ಎಂದಳು. “ಹುಚ್ಚ ಹಿಡದೈತೇನು ನಿನಗ?”

“ಶಕುನ ನೋಡೂದು ಬೆಲೆ ಮಾಡೂ ಮುಂದ್ರಿ ವೈನಿ. ಐಬು ಹೇಳಾಕ ಎಂಥಾ ಶಕುನ?”

ಓಣಿಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅವನು ಎದ್ದ, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ, ಬಾಗಿಲತನಕ ಹೋಗಿ ತಿರುಗಿದ.

“ಬೆರಳ ನಾ ಆಡಸ್ತೀನ್ರಿ,” ಎಂದ. “ನನ್ನ ಬಾಯಿ ಗುಣಾ ಆಗೂಮಟ, ಖರೇದ್ದು ನೀವು ಹೇಳ್ತೀರೇನು?”